ಮಘಾ ನಕ್ಷತ್ರದ ಪಕ್ಕದಲ್ಲಿ ಇಪ್ಪತ್ತು ಕಿಡಿಗಳ ಸುತ್ತು

ಚೈತ್ರದ ರಾತ್ರಿ ಒಂಬತ್ತರ ಹೊತ್ತಿಗೆ ಬೆಂಗಳೂರಿನ ಯಾವುದಾದರೂ ಮಾಳಿಗೆಯ ಮೇಲೆ ನಿಂತು ಕತ್ತೆತ್ತಿದರೆ ಮಘಾ ನಕ್ಷತ್ರ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತದೆ. ಅಲ್ಲಿಂದ ಪಶ್ಚಿಮಕ್ಕೆ, ಚಾಚಿದ ಕೈಯ ಮೂರು ಬೆರಳಿನಷ್ಟು ಸರಿದರೆ, ಕಣ್ಣಿಗೆ ಏನೂ ಕಾಣದ ಒಂದು ಖಾಲಿ ಜಾಗ ಸಿಗುತ್ತದೆ. ಆ ದಿಕ್ಕಿನಲ್ಲಿ, ಎರಡು ಮೂರು ಸಾವಿರ ಜ್ಯೋತಿರ್ವರ್ಷ ದೂರದಲ್ಲಿ, ಒಂದು ಪಲ್ಸಾರ್ 1.098 ಸೆಕೆಂಡಿಗೆ ಒಂದು ಸುತ್ತು ಸುತ್ತುತ್ತಿದೆ. ಖಗೋಳಶಾಸ್ತ್ರಜ್ಞರ ಪಟ್ಟಿಯಲ್ಲಿ ಅದರ ಹೆಸರು ಬಿ0943+10. ಹೆಸರು ನೀರಸವಾಗಿದ್ದರೂ ಪಲ್ಸಾರ್‌ಗಳ ರೇಡಿಯೋ ಮಿಡಿತದಲ್ಲಿ ಕಾಣುವ ವಿಚಿತ್ರಗಳನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಗುರು ಇನ್ನೊಂದಿಲ್ಲ ಎಂದೇ ನನ್ನ ನಂಬಿಕೆ. ಅದರ ಪಾಠದಲ್ಲಿ ನಮ್ಮ ಗೌರಿಬಿದನೂರಿಗೂ ಒಂದು ಪಾಲಿದೆ.

ಪಲ್ಸಾರ್ ಎಂದರೆ ಏನೆಂಬುದನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಸೂರ್ಯನಿಗಿಂತ ಬಹಳ ಭಾರದ ನಕ್ಷತ್ರವೊಂದು ಸ್ಫೋಟಗೊಂಡು ಸತ್ತಾಗ ಅದರ ಗರ್ಭ ಕುಸಿದು ಉಳಿಯುವ ಗಟ್ಟಿ ಉಂಡೆಯೇ ನ್ಯೂಟ್ರಾನ್ ನಕ್ಷತ್ರ. ಸೂರ್ಯನ ಸುಮಾರು 1.4 ಪಟ್ಟು ದ್ರವ್ಯರಾಶಿ ಒಂದು ದೊಡ್ಡ ನಗರದಷ್ಟು ಅಗಲದ, ಅಂದರೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್‌ನ ಗೋಳದಲ್ಲಿ ಅಡಕವಾಗಿರುತ್ತದೆ. ಅದರ ಕಾಂತಕ್ಷೇತ್ರ ಭೂಮಿಯದಕ್ಕಿಂತ ಲಕ್ಷ ಕೋಟಿ ಪಟ್ಟಿಗೂ ಹೆಚ್ಚು ಪ್ರಬಲ. ಕಾಂತಧ್ರುವಗಳ ಮೇಲಿನಿಂದ ರೇಡಿಯೋ ಅಲೆಗಳ ಕಿರಣಪುಂಜ ಹೊರಡುತ್ತದೆ. ಕಾಂತ ಅಕ್ಷವೂ ಸುತ್ತುವ ಅಕ್ಷವೂ ಒಂದೇ ಅಲ್ಲದ ಕಾರಣ, ನಕ್ಷತ್ರ ಸುತ್ತಿದಂತೆಲ್ಲ ಆ ಪುಂಜವೂ ಸುತ್ತುತ್ತದೆ. ಅದು ನಮ್ಮ ಮೇಲೆ ಹಾದುಹೋದಾಗಲೆಲ್ಲ ನಮಗೆ ಒಂದು ಮಿಡಿತ ಸಿಗುತ್ತದೆ.

1967ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧನಾ ವಿದ್ಯಾರ್ಥಿನಿ ಜೋಸೆಲಿನ್ ಬೆಲ್, ದಿನಕ್ಕೆ ಸುಮಾರು 30 ಮೀಟರ್ ಉದ್ದ ಹೊರಬರುತ್ತಿದ್ದ ಕಾಗದದ ಸುರುಳಿಯನ್ನು ಕಣ್ಣಿಂದಲೇ ಓದುತ್ತಿದ್ದರು. ಅದರಲ್ಲಿ ಅರ್ಧ ಅಂಗುಲವೂ ಇಲ್ಲದ ಒಂದು ಕಲೆ ಅವರ ಗಮನ ಸೆಳೆಯಿತು. ಆ ನವೆಂಬರ್ ಕೊನೆಯಲ್ಲಿ ಕಾಗದವನ್ನು ವೇಗವಾಗಿ ಓಡಿಸಿ ದಾಖಲಿಸಿದಾಗ ಆ ಕಲೆ ಬಿಡಿಬಿಡಿಯಾಗಿ, 1.337 ಸೆಕೆಂಡಿಗೊಂದು ಮಿಡಿತವಾಗಿ ಒಡೆದು ನಿಂತಿತು. ಅಂದಿನಿಂದ ಪಲ್ಸಾರ್ ಎಂದರೆ ಗಡಿಯಾರ ಎಂಬ ಮಾತು ರೂಢಿಯಾಯಿತು. ಆ ಮಾತು ಸುಳ್ಳಲ್ಲ. ಆದರೆ ಬೆಲ್ ಅವರ ಆ ಕಾಗದವನ್ನೇ ಇನ್ನೊಮ್ಮೆ ನೋಡಿ. ಮಿಡಿತಗಳು ಬರುವ ಹೊತ್ತು ಕರಾರುವಾಕ್ಕಾಗಿದೆ, ಆದರೆ ಎತ್ತರ ಒಂದರಂತೆ ಒಂದಿಲ್ಲ. ಒಂದು ದೊಡ್ಡದು, ಒಂದು ಸಣ್ಣದು, ನಡುವೆ ಒಂದೆರಡು ಕಾಣಿಸುವುದೇ ಇಲ್ಲ.

ಇಲ್ಲಿಂದ ವಿಷಯ ನಿಜವಾಗಿ ಶುರುವಾಗುತ್ತದೆ. ಸಾವಿರಾರು ಮಿಡಿತಗಳನ್ನು ಒಂದರ ಮೇಲೊಂದು ಪೇರಿಸಿ ಸರಾಸರಿ ತೆಗೆದರೆ, ಪ್ರತಿ ಪಲ್ಸಾರ್‌ಗೂ ಅದರದೇ ಆದ ಒಂದು ಆಕಾರ ಸಿಗುತ್ತದೆ. ಅದು ಆ ನಕ್ಷತ್ರದ ಸಹಿ ಇದ್ದಂತೆ, ವರ್ಷ ಕಳೆದರೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಪಲ್ಸಾರ್‌ಗಳನ್ನೇ ಗಡಿಯಾರವಾಗಿಟ್ಟುಕೊಂಡು ಗುರುತ್ವ ಅಲೆಗಳನ್ನು ಹುಡುಕುವವರು ನೆಚ್ಚಿಕೊಂಡಿರುವುದು ಈ ಸರಾಸರಿಯನ್ನೇ. ಆದರೆ ಸರಾಸರಿ ತೆಗೆದಾಗ ಏನೋ ಕಳೆದುಹೋಗುತ್ತದೆ. ಊರಿನ ಮೂವತ್ತು ವರ್ಷದ ಸರಾಸರಿ ಮಳೆ ಗೊತ್ತಿದ್ದರೆ ಹವಾಗುಣ ಗೊತ್ತಾಯಿತು. ಆದರೆ ನಿನ್ನೆ ಸಂಜೆ ಮೋಡ ಯಾವ ದಿಕ್ಕಿಗೆ ಓಡಿತು ಎಂಬುದನ್ನು ಅದು ಹೇಳುವುದಿಲ್ಲ. ನಕ್ಷತ್ರದ ಧ್ರುವದ ಮೇಲೆ ಈ ಕ್ಷಣ ಏನು ನಡೆಯುತ್ತಿದೆ ಎಂದು ತಿಳಿಯಬೇಕಾದರೆ ಬಿಡಿ ಮಿಡಿತಗಳನ್ನೇ ನೋಡಬೇಕು.

ಅದನ್ನು ಹೇಗೆ ನೋಡುತ್ತಾರೆ ಎಂಬುದನ್ನು ಒಂದು ಚೌಕುಳಿ ಕಾಗದದ ಮೇಲೆ ಮಾಡಿ ತೋರಿಸಬಹುದು. ನಕ್ಷತ್ರದ ಒಂದು ಸುತ್ತಿಗೆ ಒಂದು ಸಾಲು. ಪುಂಜ ನಮ್ಮ ಮೇಲೆ ಹಾದುಹೋಗುವ ಅಷ್ಟು ಹೊತ್ತಿನಲ್ಲಿ ಸಂಕೇತ ಎಲ್ಲೆಲ್ಲಿ ಜೋರಾಗಿತ್ತೋ ಆ ಚೌಕಗಳನ್ನು ಪೆನ್ಸಿಲಿನಿಂದ ಕಪ್ಪಾಗಿಸಿ. ಮುಂದಿನ ಸುತ್ತಿಗೆ ಅದರ ಮೇಲಿನ ಸಾಲು. ಹೀಗೆ ಮಾಡುತ್ತ ಹೋದರೆ ಮೊದಲು ತಿಳಿಯುವ ಸಂಗತಿ, ಒಂದು ಮಿಡಿತದೊಳಗೆ ಸಣ್ಣ ಸಣ್ಣ ಉಪಮಿಡಿತಗಳಿವೆ ಎನ್ನುವುದು. ಎರಡನೆಯದು ಇನ್ನೂ ಸೊಗಸಾದದ್ದು. ಬಿ0809+74 ಎಂಬ ಪಲ್ಸಾರ್‌ನ ದಾಖಲೆಯನ್ನು ಹೀಗೆ ತುಂಬಿದರೆ, ಉಪಮಿಡಿತಗಳು ಪ್ರತಿ ಸಾಲಿನಲ್ಲೂ ಸ್ವಲ್ಪ ಸ್ವಲ್ಪವೇ ಒಂದು ಪಕ್ಕಕ್ಕೆ ಜರುಗುತ್ತವೆ. ಇಪ್ಪತ್ತು ಮೂವತ್ತು ಸಾಲು ಆಗುವಷ್ಟರಲ್ಲಿ ಕಾಗದದ ತುಂಬ ಓರೆ ಪಟ್ಟಿಗಳು ಮೂಡಿರುತ್ತವೆ. ಸುಮಾರು ಹನ್ನೊಂದು ಸುತ್ತಿಗೊಮ್ಮೆ ಹಳೆಯ ಪಟ್ಟಿಯ ಜಾಗಕ್ಕೆ ಹೊಸ ಪಟ್ಟಿ ಬರುತ್ತದೆ. ಯಾರೋ ಅಳತೆಗೋಲು ಹಿಡಿದು ಗೆರೆ ಎಳೆದಂತೆ ಕಾಣುವ ಆ ಚಿತ್ರವನ್ನು ಮೊದಲ ಸಲ ನೋಡಿದಾಗ ಆದ ಸಂತೋಷ ನನಗೆ ಇನ್ನೂ ನೆನಪಿದೆ.

ಈ ಜರುಗಾಟವನ್ನು ಫ್ರಾಂಕ್ ಡ್ರೇಕ್ ಮತ್ತು ಹೆರಾಲ್ಡ್ ಕ್ರಾಫ್ಟ್ 1968ರಲ್ಲೇ ಗುರುತಿಸಿದ್ದರು. ಗಡಿಯಾರದ ಮುಖ್ಯ ಮಿಡಿತದ ಒಳಗೆ ಇನ್ನೊಂದು ತಾಳ ಇದೆ ಎಂದಾಯಿತು. ಅದು ಎಲ್ಲಿಂದ ಬರುತ್ತದೆ?

ಉತ್ತರದ ಮೊದಲ ತುಣುಕು ಸಿಕ್ಕಿದ್ದು 1969ರಲ್ಲಿ, ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ. ಅಲ್ಲಿ ಕೆಲಸ ಮಾಡುತ್ತಿದ್ದ ವಿ. ರಾಧಾಕೃಷ್ಣನ್ ಮತ್ತು ಡೇವಿಡ್ ಕುಕ್ ವೇಲಾ ಪಲ್ಸಾರ್‌ನ ಮಿಡಿತದಲ್ಲಿ ರೇಡಿಯೋ ಅಲೆಯ ಕಂಪನದ ದಿಕ್ಕು ಹೇಗೆ ಹೊರಳುತ್ತದೆ ಎಂಬುದನ್ನು ನೋಡಿದರು. ಮಿಡಿತದ ಆರಂಭದಿಂದ ಕೊನೆಯವರೆಗೆ ಅದು ನುಣುಪಾಗಿ ಬಾಗುತ್ತ ಹೋಗುತ್ತಿತ್ತು. ಧ್ರುವದಿಂದ ಹೊರಡುವ ಕಾಂತರೇಖೆಗಳು ಹೂವಿನ ಎಸಳಿನಂತೆ ಎಲ್ಲ ಕಡೆಗೂ ಬಿಚ್ಚಿಕೊಂಡಿರುತ್ತವೆ. ನಮ್ಮ ನೋಟ ಆ ಎಸಳುಗಳನ್ನು ಅಡ್ಡ ದಾಟಿದರೆ ದಿಕ್ಕು ಹೀಗೆಯೇ ಹೊರಳಬೇಕು. ರೇಡಿಯೋ ಅಲೆ ಹುಟ್ಟುವುದು ಕಾಂತಧ್ರುವದ ಹತ್ತಿರ ಎಂಬ ಚಿತ್ರ ಹೀಗೆ ಗಟ್ಟಿಯಾಯಿತು. ಸಿ.ವಿ. ರಾಮನ್ ಅವರ ಮಗನಾದ ರಾಧಾಕೃಷ್ಣನ್ 1972ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದರು. ಮುಂದೆ ಹೇಳುವ ಕಥೆಗೆ ನೆಲ ಹದವಾದದ್ದು ಆಗ.

ಎರಡನೆಯ ತುಣುಕು 1975ರಲ್ಲಿ ಮಾಲ್ವಿನ್ ರೂಡರ್‌ಮನ್ ಮತ್ತು ಪೀಟರ್ ಸದರ್ಲೆಂಡ್ ಕೊಟ್ಟ ಸಿದ್ಧಾಂತ. ಇಷ್ಟು ಪ್ರಬಲ ಕಾಂತಕ್ಷೇತ್ರ ಇಷ್ಟು ವೇಗವಾಗಿ ತಿರುಗಿದರೆ ಅದೊಂದು ಭಾರೀ ಡೈನಮೊ. ಧ್ರುವದ ನೆಲದ ಮೇಲೆ ವಿದ್ಯುದಾವೇಶ ಖಾಲಿಯಾದ ಒಂದು ತೆಳು ಪದರ ಉಂಟಾಗುತ್ತದೆ, ಅದರ ಆಚೀಚೆ ಲಕ್ಷ ಕೋಟಿ ವೋಲ್ಟ್‌ನ ಅಂದಾಜಿನ ವಿದ್ಯುತ್ ಒತ್ತಡ ಬೆಳೆಯುತ್ತದೆ. ಅಲ್ಲಿಗೆ ಒಂದು ಗಾಮಾ ಕಿರಣ ಬಂದರೆ ಸಾಕು, ಆ ಕಾಂತಕ್ಷೇತ್ರದಲ್ಲಿ ಅದು ಒಂದು ಎಲೆಕ್ಟ್ರಾನ್ ಮತ್ತು ಅದರ ಧನಾವೇಶದ ಪ್ರತಿರೂಪವಾದ ಒಂದು ಪಾಸಿಟ್ರಾನ್ ಆಗಿ ಒಡೆಯುತ್ತದೆ. ಅವು ಒತ್ತಡಕ್ಕೆ ಸಿಕ್ಕಿ ಓಡುತ್ತ ಮತ್ತೆ ಗಾಮಾ ಕಿರಣಗಳನ್ನು ಹೊಮ್ಮಿಸುತ್ತವೆ, ಆ ಕಿರಣಗಳು ಮತ್ತೆ ಒಡೆಯುತ್ತವೆ. ಒಂದರಿಂದ ಎರಡು, ಎರಡರಿಂದ ನಾಲ್ಕು. ಕ್ಷಣಾರ್ಧದಲ್ಲಿ ಒಂದು ಕಿಡಿ ಹೊತ್ತಿಕೊಳ್ಳುತ್ತದೆ. ಇಂಥ ಕಿಡಿಗಳು ಧ್ರುವದ ಸುತ್ತ ಬಳೆಯಂತೆ ನಿಲ್ಲುತ್ತವೆ. ಒಂದೊಂದು ಕಿಡಿಯೂ ಮೇಲಕ್ಕೆ ಕಣಗಳ ಒಂದೊಂದು ಎಳೆಯನ್ನು ಕಳಿಸುತ್ತದೆ, ನೂರಾರು ಕಿಲೋಮೀಟರ್ ಮೇಲೆ ಆ ಎಳೆ ರೇಡಿಯೋ ಅಲೆಯನ್ನು ಹೊಮ್ಮಿಸುತ್ತದೆ.

ಕಿಡಿಗಳ ಬಳೆ ನಿಂತಲ್ಲಿ ನಿಲ್ಲುವುದಿಲ್ಲ ಎನ್ನುವುದೇ ಈ ಸಿದ್ಧಾಂತದ ಜೀವಾಳ. ಖಾಲಿ ಪದರದಲ್ಲಿ ಇರುವ ಕಣಗಳು ನಕ್ಷತ್ರದ ತಿರುಗಾಟಕ್ಕೆ ಪೂರ್ತಿ ಹೆಜ್ಜೆ ಕೂಡಿಸಲಾರದೆ ಸ್ವಲ್ಪ ಹಿಂದುಳಿಯುತ್ತವೆ. ಹಾಗಾಗಿ ನೆಲಕ್ಕೆ ಹೋಲಿಸಿದರೆ ಇಡೀ ಬಳೆ ಕಾಂತಧ್ರುವದ ಸುತ್ತ ನಿಧಾನವಾಗಿ ಸುತ್ತುತ್ತದೆ, ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಮರದ ಕುದುರೆಗಳ ಹಾಗೆ. ನಕ್ಷತ್ರ ಒಂದು ಸುತ್ತು ಮುಗಿಸಿ ನಮ್ಮ ಕಡೆ ತಿರುಗುವಷ್ಟರಲ್ಲಿ ಕುದುರೆಗಳು ಸ್ವಲ್ಪ ಮುಂದೆ ಹೋಗಿರುತ್ತವೆ. ಚೌಕುಳಿ ಕಾಗದದ ಮೇಲಿನ ಓರೆ ಪಟ್ಟಿಗಳಿಗೆ ಇದೇ ಕಾರಣ.

ಕೇಳಲು ಚೆನ್ನಾಗಿದೆ. ಸಾಬೀತು ಮಾಡುವುದು ಹೇಗೆ? ಕುದುರೆಗಳು ಎಷ್ಟಿವೆ, ಯಾವ ವೇಗದಲ್ಲಿ ಸುತ್ತುತ್ತಿವೆ ಎಂದು ಎಣಿಸಬೇಕು. ಇಲ್ಲೊಂದು ಕಗ್ಗಂಟಿದೆ. ಹಳೆಯ ಸಿನಿಮಾದಲ್ಲಿ ಜೋರಾಗಿ ಓಡುವ ಜಟಕಾ ಗಾಡಿಯ ಚಕ್ರ ಹಿಂದಕ್ಕೆ ತಿರುಗಿದಂತೆ ಕಾಣುವುದನ್ನು ನೋಡಿರುತ್ತೀರಿ. ಕ್ಯಾಮೆರಾ ಸೆಕೆಂಡಿಗೆ 24 ಸಲ ಮಾತ್ರ ಕಣ್ಣು ತೆರೆಯುತ್ತದೆ. ಎರಡು ನೋಟಗಳ ನಡುವೆ ಚಕ್ರದ ಒಂದು ಕಡ್ಡಿ ಮುಂದಿನ ಕಡ್ಡಿಯ ಜಾಗಕ್ಕೆ ತಲುಪುವುದರಲ್ಲಿ ಸ್ವಲ್ಪವೇ ಕಡಿಮೆ ಬಿದ್ದರೆ, ನಮ್ಮ ಕಣ್ಣು ಅದನ್ನು ಹಿಂದೆ ಸರಿದದ್ದೆಂದು ಓದುತ್ತದೆ. ಪಲ್ಸಾರ್ ವಿಷಯದಲ್ಲೂ ನಮಗೆ ಸುತ್ತಿಗೊಂದೇ ನೋಟ. ಎಳೆಗಳೆಲ್ಲ ನೋಡಲು ಒಂದೇ ಥರ. ಹೀಗಿರುವಾಗ ಮುಂದಕ್ಕೆ ಹೋದವೋ ಹಿಂದಕ್ಕೆ ಹೋದವೋ, ಒಂದು ಸ್ಥಾನ ಸರಿದವೋ ಎರಡೋ ಎಂದು ಹೇಳುವುದು ಹೇಗೆ?

ಮಘಾ ಪಕ್ಕದ ಪಲ್ಸಾರ್ ಇಲ್ಲಿ ನೆರವಿಗೆ ಬಂತು. ರಾಮನ್ ಸಂಶೋಧನಾ ಸಂಸ್ಥೆಯ ಅವಿನಾಶ್ ದೇಶಪಾಂಡೆ ಮತ್ತು ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಜೊವಾನಾ ರ‍್ಯಾಂಕಿನ್, ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಲ್ಲಿ 430 ಮೆಗಾಹರ್ಟ್ಸ್‌ನಲ್ಲಿ ದಾಖಲಿಸಿದ್ದ ಅದರ ಮಿಡಿತಗಳನ್ನು ಹಿಡಿದು ಕೂತರು. ಅದರಲ್ಲಿ ಒಂದು ಬಿಟ್ಟು ಒಂದು ಮಿಡಿತ ಬಹುತೇಕ ಒಂದೇ ರೀತಿ ಇರುತ್ತದೆ. ಅಂದರೆ ಪ್ರತಿ ಸುತ್ತಿನಲ್ಲೂ ಎಳೆಗಳು ತಮ್ಮ ನಡುವಿನ ಅಂತರದ ಸುಮಾರು ಅರ್ಧದಷ್ಟು ಸರಿಯುತ್ತಿವೆ. ಅರ್ಧಕ್ಕಿಂತ ಚೂರು ಹೆಚ್ಚು ಮುಂದಕ್ಕೋ, ಅರ್ಧಕ್ಕಿಂತ ಚೂರು ಕಡಿಮೆ ಹಿಂದಕ್ಕೋ ಎಂಬುದೇ ಪ್ರಶ್ನೆ.

ಅವರು ಹಿಡಿದ ದಾರಿ ಸರಳ, ಅದಕ್ಕೇ ನನಗೆ ಅಷ್ಟು ಇಷ್ಟ. ಎಳೆಗಳು ಒಂದೇ ಥರ ಎಂದೆನಲ್ಲ, ಪೂರ್ತಿ ಹಾಗಿಲ್ಲ. ಒಂದು ಸ್ವಲ್ಪ ಪ್ರಕಾಶಮಾನ, ಇನ್ನೊಂದು ಸ್ವಲ್ಪ ಮಂಕು. ಬಣ್ಣ ಮಾಸಿದ ಒಂದು ಕುದುರೆಯನ್ನು ಗುರುತಿಟ್ಟುಕೊಂಡರೆ ಅದು ಮತ್ತೆ ಎದುರಿಗೆ ಬಂದಾಗ ಒಂದು ಪೂರ್ತಿ ಸುತ್ತು ಆಯಿತು ಎಂದು ಹೇಳಬಹುದು. ಹಾಗೆ ಪ್ರಕಾಶದ ಏರಿಳಿತದಲ್ಲಿ ಹುಡುಕಿದಾಗ ಒಂದು ನಿಧಾನ ತಾಳ ಸಿಕ್ಕಿತು. ನಕ್ಷತ್ರದ 37.35 ಸುತ್ತಿಗೊಮ್ಮೆ, ಅಂದರೆ ಸುಮಾರು 41 ಸೆಕೆಂಡಿಗೊಮ್ಮೆ, ಅದೇ ವಿನ್ಯಾಸ ಮರಳಿ ಬರುತ್ತಿತ್ತು. ಇನ್ನು ಉಳಿದದ್ದು ಒಂದು ಭಾಗಾಕಾರ. ಎಳೆಗಳು ಮುಂದಕ್ಕೆ ಸರಿಯುತ್ತಿದ್ದರೆ ಒಂದರ ಜಾಗಕ್ಕೆ ಇನ್ನೊಂದು ಬರಲು 1.87 ಸುತ್ತು ಬೇಕು, 37.35ನ್ನು ಅದರಿಂದ ಭಾಗಿಸಿದರೆ 20. ಹಿಂದಕ್ಕೆ ಎಂದುಕೊಂಡು ಭಾಗಿಸಿದರೆ 17.4ರ ಆಸುಪಾಸು ಬರುತ್ತದೆ, ಎಳೆಗಳು ಭಿನ್ನರಾಶಿಯಲ್ಲಿ ಇರಲಾರವು. ಅಲೆಗಳ ಕಂಪನದ ದಿಕ್ಕಿನಿಂದ ಕಟ್ಟಿದ ರೇಖಾಗಣಿತವೂ ಇದಕ್ಕೆ ಹೊಂದಿಕೊಂಡಿತು. ಇಪ್ಪತ್ತು ಎಳೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

1999ರಲ್ಲಿ ಅವರು ಪ್ರಕಟಿಸಿದ್ದು ಎಣಿಕೆಯನ್ನು ಮಾತ್ರವಲ್ಲ, ನಕಾಶೆಯನ್ನೂ. ಮಿಡಿತಗಳ ಸಾಲನ್ನೇ ತಿರುಗಿಸಿ ಸುತ್ತಿ, ಧ್ರುವದ ಮೇಲೆ ಆ ಇಪ್ಪತ್ತು ಎಳೆಗಳು ಹೇಗೆ ನಿಂತಿವೆ, ಯಾವುದು ಹೊಳೆಯುತ್ತಿದೆ, ಯಾವುದು ಕುಗ್ಗುತ್ತಿದೆ ಎಂಬ ಚಿತ್ರವನ್ನು ಕಟ್ಟಿದರು. ಇದರ ಅಳತೆಯನ್ನು ಮನಸ್ಸಿಗೆ ತಂದುಕೊಳ್ಳಿ. ಇಂಥ ನಕ್ಷತ್ರದಲ್ಲಿ ಆ ಎಳೆಗಳು ಬೇರು ಬಿಟ್ಟಿರುವ ಧ್ರುವದ ತುಂಡು ನೆಲ ಲೆಕ್ಕದ ಪ್ರಕಾರ 300 ಮೀಟರ್ ಅಗಲವೂ ಇರುವುದಿಲ್ಲ. ಒಂದು ಕ್ರೀಡಾಂಗಣದಷ್ಟು ಜಾಗ. ಸಾವಿರಾರು ಜ್ಯೋತಿರ್ವರ್ಷ ದೂರದ ಒಂದು ಕ್ರೀಡಾಂಗಣದ ಹವಾಮಾನವನ್ನು ಇಬ್ಬರು ನಕಾಶೆಯ ಮೇಲೆ ಬಿಡಿಸಿದ್ದರು.

ಈಗ ಗೌರಿಬಿದನೂರು. ಈ ಪಲ್ಸಾರ್‌ನ ಕಿರಣಪುಂಜ ನಮ್ಮ ಮೇಲೆ ನೇರವಾಗಿ ಹಾಯುವುದಿಲ್ಲ, ಅಂಚು ಸವರಿಕೊಂಡು ಹೋಗುತ್ತದೆ. ಕಾಂತರೇಖೆಗಳು ಮೇಲೆ ಹೋದಂತೆ ಅಗಲವಾಗುತ್ತವೆ. ಕಡಿಮೆ ಆವರ್ತನದ ಅಲೆಗಳು ಹುಟ್ಟುವುದು ಹೆಚ್ಚು ಎತ್ತರದಲ್ಲಿ. ಹಾಗಾಗಿ ಆವರ್ತನ ಇಳಿದಷ್ಟೂ ಪುಂಜ ಹಿಗ್ಗಿ ನಮ್ಮನ್ನು ಚೆನ್ನಾಗಿ ಒಳಗೊಳ್ಳುತ್ತದೆ. ಗೌರಿಬಿದನೂರಿನ ಬಯಲಿನಲ್ಲಿ ರಾಮನ್ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಕಟ್ಟಿದ ದೂರದರ್ಶಕ ಕೆಲಸ ಮಾಡುತ್ತಿದ್ದದ್ದು 34.5 ಮೆಗಾಹರ್ಟ್ಸ್‌ನಲ್ಲಿ. ಅದು ಬಟ್ಟಲಿನ ಆಕಾರದ್ದಲ್ಲ. ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರ್, ದಕ್ಷಿಣಕ್ಕೆ ಅರ್ಧ ಕಿಲೋಮೀಟರಿಗೆ ತುಸು ಕಡಿಮೆ ಚಾಚಿಕೊಂಡ, ಇಂಗ್ಲಿಷಿನ ಟಿ ಅಕ್ಷರದಂತೆ ನಿಲ್ಲಿಸಿದ ಸಾವಿರ ಆಂಟೆನಾಗಳ ಸಾಲು. ಆಶಿಶ್ ಅಸ್ಗೇಕರ್ ಮತ್ತು ದೇಶಪಾಂಡೆ ಅಲ್ಲಿ ಇದೇ ಪಲ್ಸಾರ್ ಅನ್ನು ಆಲಿಸಿದರು. ನಕ್ಷತ್ರಗಳ ನಡುವಿನ ತೆಳುವಾದ ಎಲೆಕ್ಟ್ರಾನ್ ಮಂಜು ಕಡಿಮೆ ಆವರ್ತನದ ಅಲೆಗಳನ್ನು ಹೆಚ್ಚು ತಡೆಯುವ ಕಾರಣ, ಅರೆಸಿಬೊದಲ್ಲಿ ದಾಖಲಾದ ಆವರ್ತನಕ್ಕಿಂತ ಸುಮಾರು 50 ಸೆಕೆಂಡು ತಡವಾಗಿ ಅದೇ ಮಿಡಿತ ಗೌರಿಬಿದನೂರಿನ ಆವರ್ತನದಲ್ಲಿ ಬರುತ್ತದೆ. 2001ರಲ್ಲಿ ಪ್ರಕಟವಾದ ಅವರ ವಿಶ್ಲೇಷಣೆಯಲ್ಲಿ, ನಕ್ಷತ್ರದ ನೆಲದಿಂದ ಇನ್ನೂ ಎತ್ತರದಲ್ಲೂ ಸುತ್ತುವ ಎಳೆಗಳದೇ ವ್ಯವಸ್ಥೆ ಕಂಡಿತು. ಎಳೆಗಳು ಕೆಳಗಿನಿಂದ ಮೇಲಿನವರೆಗೆ ತಮ್ಮ ರೂಪ ಉಳಿಸಿಕೊಂಡೇ ಏರುತ್ತವೆ ಎಂಬುದಕ್ಕೆ ಇದು ಆಧಾರ.

ಇಷ್ಟಕ್ಕೇ ಮುಗಿದಿದ್ದರೆ ಪಲ್ಸಾರ್ ಒಂದು ಅಚ್ಚುಕಟ್ಟಾದ ಯಂತ್ರ ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಬಿ0943+10 ಕೆಲವು ಗಂಟೆ ಹೀಗೆ ಶಿಸ್ತಾಗಿ ಮಿಡಿದು, ಇದ್ದಕ್ಕಿದ್ದಂತೆ ಒಂದೇ ಸುತ್ತಿನ ಅಂತರದಲ್ಲಿ ತನ್ನ ನಡೆಯನ್ನೇ ಬದಲಿಸಿಬಿಡುತ್ತದೆ. ರೇಡಿಯೋ ಮಂಕಾಗುತ್ತದೆ, ಓರೆ ಪಟ್ಟಿಗಳು ಕಲಸಿಹೋಗುತ್ತವೆ. ಕೆಲವು ಗಂಟೆ ಕಳೆದ ಮೇಲೆ ಮತ್ತೆ ಹಳೆಯ ಶಿಸ್ತು. ಇಂಥ ಬದಲಾವಣೆಯನ್ನು ಡೊನಾಲ್ಡ್ ಬ್ಯಾಕರ್ 1970ರಲ್ಲಿ ಬೇರೊಂದು ಪಲ್ಸಾರ್‌ನಲ್ಲಿ ಕಂಡಿದ್ದರು. ಮಿಡಿತ ಪೂರ್ತಿ ನಿಂತುಹೋಗಿ ಮರಳುವುದನ್ನು ಗುರುತಿಸಿದವರೂ ಅವರೇ.

ಹೀಗೆ ನಡೆ ಬದಲಾದಾಗ ರೇಡಿಯೋ ಒಂದೇ ಬದಲಾಗುತ್ತದೆಯೇ? ಪುಣೆ ಬಳಿಯ ಖೋಡದ್‌ನ 30 ಬಟ್ಟಲುಗಳ ಜಿಎಂಆರ್‌ಟಿ ಮತ್ತು ಯುರೋಪಿನ ಲೋಫಾರ್ ದೂರದರ್ಶಕಗಳು ರೇಡಿಯೋವನ್ನೂ, ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹ ಎಕ್ಸ್-ಕಿರಣವನ್ನೂ ಒಟ್ಟಿಗೆ ಗಮನಿಸಿ, 2013ರಲ್ಲಿ ಫಲಿತಾಂಶ ಹೊರಬಂದಾಗ ಅನೇಕರು ಬೆರಗಾದರು. ರೇಡಿಯೋ ಮಂಕಾದಾಗ ಎಕ್ಸ್-ಕಿರಣ ಎರಡು ಪಟ್ಟಿಗಿಂತ ಹೆಚ್ಚಾಗುತ್ತಿತ್ತು, ರೇಡಿಯೋ ಬೆಳಗಿದಾಗ ಎಕ್ಸ್-ಕಿರಣ ಕುಗ್ಗುತ್ತಿತ್ತು. ಬದಲಾಗುತ್ತಿರುವುದು ಯಾವುದೋ ಒಂದು ಮೂಲೆಯ ಕಿಡಿಯಲ್ಲ, ನಕ್ಷತ್ರವನ್ನು ಸುತ್ತುವರಿದ ಇಡೀ ಕಾಂತಗೋಳ. ಅದೂ ಕೆಲವೇ ಸೆಕೆಂಡುಗಳಲ್ಲಿ. ಏಕೆ ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಇಂದಿಗೂ ಇಲ್ಲ.

ಕಾಂತಗೋಳ ಬದಲಾಗುತ್ತದೆ ಎಂಬುದಕ್ಕೆ ಇನ್ನೂ ನೇರವಾದ ಸಾಕ್ಷಿಯನ್ನು ಬಿ1931+24 ಎಂಬ ಪಲ್ಸಾರ್ ಕೊಟ್ಟಿತ್ತು. ಅದು ಐದರಿಂದ ಹತ್ತು ದಿನ ಎಲ್ಲ ಪಲ್ಸಾರ್‌ಗಳಂತೆ ಮಿಡಿಯುತ್ತದೆ, ಆಮೇಲೆ 25ರಿಂದ 35 ದಿನ ಸುಳಿವೇ ಇಲ್ಲ. ಮೈಕೇಲ್ ಕ್ರೇಮರ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ ಸಂಗತಿ ಇದು: ಮಿಡಿಯುವ ದಿನಗಳಲ್ಲಿ ಅದರ ತಿರುಗಾಟ ನಿಧಾನವಾಗುವ ದರ, ಮೌನದ ದಿನಗಳಿಗಿಂತ ಸುಮಾರು ಶೇ. 50ರಷ್ಟು ಹೆಚ್ಚು. ಕಣಗಳ ಪ್ರವಾಹ ಹೊರಗೆ ಹರಿಯುವಾಗ ನಕ್ಷತ್ರದ ಮೇಲೆ ಬ್ರೇಕ್ ಬೀಳುತ್ತದೆ. ಪ್ರವಾಹ ನಿಂತರೆ ಆ ಬ್ರೇಕ್ ಸಡಿಲವಾಗುತ್ತದೆ, ರೇಡಿಯೋವೂ ಆರುತ್ತದೆ. ಗಡಿಯಾರದ ಸಣ್ಣ ತಪ್ಪಿಗೂ ಮಿಡಿತದ ಆಕಾರಕ್ಕೂ ನಂಟಿದೆ ಎಂದು 2010ರಲ್ಲಿ ಆಂಡ್ರ್ಯೂ ಲೈನ್ ಅವರ ತಂಡ ಇನ್ನೂ ಆರು ಪಲ್ಸಾರ್‌ಗಳಲ್ಲಿ ತೋರಿಸಿತು. ನೆಚ್ಚಿಕೊಂಡ ಗಡಿಯಾರ ಏಕೆ ತಪ್ಪುತ್ತದೆ ಎಂದು ಕೇಳುವವರು ಈ ಹವಾಮಾನವನ್ನು ಓದಲೇಬೇಕು.

ಕೆಲವು ಮಿಡಿತಗಳು ಎತ್ತರದಲ್ಲೇ ಎಲ್ಲೆ ಮೀರುತ್ತವೆ. ಏಡಿ ನೀಹಾರಿಕೆಯ ಪಲ್ಸಾರ್ 1968ರಲ್ಲಿ ಪತ್ತೆಯಾದದ್ದೇ ಅದರ ದೈತ್ಯ ಮಿಡಿತಗಳಿಂದ. ಅವುಗಳೊಳಗೆ ಎರಡು ನ್ಯಾನೊಸೆಕೆಂಡಿನಷ್ಟು ಚಿಕ್ಕ ಹೊಳಹುಗಳಿವೆ ಎಂದು 2003ರಲ್ಲಿ ಗೊತ್ತಾಯಿತು. ಎರಡು ನ್ಯಾನೊಸೆಕೆಂಡಿನಲ್ಲಿ ಬೆಳಕು ಸಾಗುವುದು 60 ಸೆಂಟಿಮೀಟರ್. ಅಷ್ಟರೊಳಗೆ ಹುಟ್ಟಿ ಅಷ್ಟು ಪ್ರಖರವಾಗಬೇಕಾದರೆ ಕಣಗಳು ತಮ್ಮ ಪಾಡಿಗೆ ತಾವು ಅಲೆ ಹೊಮ್ಮಿಸಿದರೆ ಸಾಲದು. ಭಜನೆಯಲ್ಲಿ ನೂರು ಜನರ ತಾಳ ಒಂದೇ ಏಟಿಗೆ ಬಿದ್ದಂತೆ ಎಲ್ಲವೂ ಒಟ್ಟಿಗೆ ಕಂಪಿಸಬೇಕು. ಆ ಒಗ್ಗಟ್ಟು ಹೇಗೆ ಬರುತ್ತದೆ ಎಂಬುದು ಪಲ್ಸಾರ್ ವಿಜ್ಞಾನದ ಅತ್ಯಂತ ಹಳೆಯ, ಇನ್ನೂ ಬಿಡಿಸದ ಒಗಟು. ಇನ್ನೊಂದು ತುದಿಯಲ್ಲಿ, ಕೆಲವು ನಿಮಿಷಕ್ಕೊಮ್ಮೆಯೋ ಮೂರು ಗಂಟೆಗೊಮ್ಮೆಯೋ ಒಂದೇ ಒಂದು ಮಿಡಿತ ಕಳಿಸಿ ಸುಮ್ಮನಾಗುವವು ಇವೆ. 2006ರಲ್ಲಿ ಮೌರಾ ಮೆಕ್‌ಲಾಫ್ಲಿನ್ ಮತ್ತು ಸಹೋದ್ಯೋಗಿಗಳು ಇಂಥ ಹನ್ನೊಂದನ್ನು ಪಾರ್ಕ್ಸ್ ದಾಖಲೆಗಳಿಂದ ಹೆಕ್ಕಿದರು.

ಕಿಡಿಯ ಸಿದ್ಧಾಂತಕ್ಕೆ ಈಗ ಬಂದಿರುವ ಪರೀಕ್ಷೆ ಬೇರೆ ಥರದ್ದು. ಧ್ರುವದ ಮೇಲಿನ ವಿದ್ಯುತ್ ಒತ್ತಡ ನಕ್ಷತ್ರದ ವೇಗವನ್ನು ಅವಲಂಬಿಸಿದೆ. ತಿರುಗಾಟ ತೀರ ನಿಧಾನವಾದರೆ ಒತ್ತಡ ಸಾಲದೆ ಕಿಡಿ ಆರಿ, ಪಲ್ಸಾರ್ ಸಾಯಬೇಕು. ಆದರೆ 2024ರಲ್ಲಿ ಮನೀಶಾ ಕ್ಯಾಲೆಬ್ ಅವರ ತಂಡ ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದ ದೂರದರ್ಶಕಗಳಿಂದ ಗಮನಿಸಿ ವರದಿ ಮಾಡಿದ ಎಎಸ್‌ಕೆಎಪಿ ಜೆ1935+2148 ಎಂಬ ರೇಡಿಯೋ ಮೂಲ ಮಿಡಿಯುವುದು 53.8 ನಿಮಿಷಕ್ಕೊಮ್ಮೆ. ಅದಕ್ಕೂ ಮೂರು ನಡೆಗಳಿವೆ. ಕೆಲವೊಮ್ಮೆ ಹತ್ತರಿಂದ ಐವತ್ತು ಸೆಕೆಂಡು ಉದ್ದದ ಪ್ರಖರ ಮಿಡಿತ, ಕೆಲವೊಮ್ಮೆ ಅರ್ಧ ಸೆಕೆಂಡೂ ಇಲ್ಲದ ಮಂಕು ಮಿಡಿತ, ಕೆಲವೊಮ್ಮೆ ಪೂರ್ಣ ಮೌನ. ಅದು ನ್ಯೂಟ್ರಾನ್ ನಕ್ಷತ್ರವೋ, ಸೂರ್ಯನಂಥ ನಕ್ಷತ್ರ ಸತ್ತಾಗ ಉಳಿಯುವ ಶ್ವೇತ ಕುಬ್ಜವೋ ಎಂಬ ಚರ್ಚೆ ನಡೆದಿದೆ. ನ್ಯೂಟ್ರಾನ್ ನಕ್ಷತ್ರವೇ ಆಗಿದ್ದರೆ, ಮಘಾ ಪಕ್ಕದಲ್ಲಿ ಒಂದು ಸುತ್ತಿಗೆ 1.098 ಸೆಕೆಂಡು ತೆಗೆದುಕೊಳ್ಳುವ ನಕ್ಷತ್ರದಲ್ಲಿ ಕಂಡ ಅದೇ ಬಗೆಯ ನಡೆ ಬದಲಾವಣೆ, ಸುಮಾರು ಮೂರು ಸಾವಿರ ಪಟ್ಟು ನಿಧಾನವಾದ ನಕ್ಷತ್ರದಲ್ಲಿ, ಕಿಡಿಯೇ ಹೊತ್ತಬಾರದ ಧ್ರುವದ ಮೇಲೆ ನಡೆಯುತ್ತಿದೆ.